ಎವಾಸಿಯೊನ ವೈನಿಗೆ ಜೆಲಿಂದಾ ಬರೆದ ಸಾಲು

ನಮ್ಮ ಸಾಲಬ್ರೂನದಲ್ಲಿ ಎವಾಸಿಯೊ ಪತ್ರುಕ್ಕೊನಷ್ಟು ಹೆಸರು ಮಾಡಿದವರು ಇನ್ನೊಬ್ಬರಿಲ್ಲ. ಮಿಲಾನೊ, ತೊರೀನೊದಂಥ ದೊಡ್ಡ ನಗರಗಳಿಂದ ಜನ ಕಾರು ಮಾಡಿಕೊಂಡು ಬಂದು ಅವನ ವೈನ್ ಕುಡಿಯುತ್ತಿದ್ದರು. ಕುಡಿದು ಮುಖ ಕಿವುಚುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹೋಗುವಾಗ ಮನೆಗೆಂದು ಇನ್ನೆರಡು ಬಾಟಲಿ ಕಟ್ಟಿಸಿಕೊಳ್ಳುತ್ತಿದ್ದರು. ಅಂಥ ಹೆಸರು ಅದು.

ನಾನು ಅವನ ಪಕ್ಕದ ಗುಡ್ಡದವನು. ಅವನ ದ್ರಾಕ್ಷಿ ತೋಟಕ್ಕೂ ನನ್ನದಕ್ಕೂ ನಡುವೆ ಒಂದು ಕಾಲುದಾರಿ ಮಾತ್ರ. ಆದ್ದರಿಂದ ನಾನು ಹೇಳುವುದರಲ್ಲಿ ಹೆಚ್ಚಿನದು ಕಂಡದ್ದು. ಉಳಿದದ್ದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು.

ಹರೆಯದಲ್ಲಿ ಎವಾಸಿಯೊ ನೋಡಲು ಲಕ್ಷಣವಾಗಿದ್ದ. ಉದ್ದನೆಯ ಆಳು, ತೆಳ್ಳಗಿನ ಮೈ, ಮಾಗಿದ ಗೋಧಿಯ ಬಣ್ಣದ ಕೂದಲು. ಕುಣಿಯಲು ನಿಂತರೆ ಹುಡುಗಿಯರು ಸರದಿಗಾಗಿ ಕಾಯುತ್ತಿದ್ದರು. ಕೆಲಸದಲ್ಲಿ ಮಾತ್ರ ಮೈಗಳ್ಳ. ಅವನಪ್ಪ ಬಿಟ್ಟುಹೋದದ್ದು ಬಿಸಿಲು ಸರಿಯಾಗಿ ಬೀಳದ ಒಂದು ತುಂಡು ತೋಟ. ಅದರಲ್ಲಿ ಬೆಳೆಯುತ್ತಿದ್ದದ್ದು ಗ್ರಿನ್ಯೊಲೀನೊ. ನಮ್ಮ ಸೀಮೆಯ ಹಣ್ಣುಗಳಲ್ಲೆಲ್ಲ ಅದರಷ್ಟು ಹಟಮಾರಿ ಇನ್ನೊಂದಿಲ್ಲ. ಒಂದೊಂದು ಹಣ್ಣಿನಲ್ಲೂ ಬೇರೆಯದಕ್ಕಿಂತ ಹೆಚ್ಚು ಬೀಜ. ಸ್ವಲ್ಪ ಜೋರಾಗಿ ಹಿಂಡಿದರೆ ಬೀಜದ ಕಹಿಯೆಲ್ಲ ರಸಕ್ಕೆ ಇಳಿಯುತ್ತದೆ. ತಾಳ್ಮೆಯಿದ್ದವನ ಕೈಯಲ್ಲಿ ಅದು ಗುಲಾಬಿಯ ವಾಸನೆಯ, ತಿಳಿ ಕೆಂಪಿನ ವೈನಾಗುತ್ತದೆ. ಎವಾಸಿಯೊಗೆ ತಾಳ್ಮೆ ಎಲ್ಲಿಂದ ಬರಬೇಕು?

ಅವನಿಗೆ ನಿಶ್ಚಯವಾಗಿದ್ದದ್ದು ಬ್ರೆಡ್ಡಿನ ಅಂಗಡಿಯವರ ಮಗಳು ಜೆಲಿಂದಾಳ ಜೊತೆ. ಮೂರು ವರ್ಷ ಅವಳು ಅವನ ಉಂಗುರ ಹಾಕಿಕೊಂಡು ಓಡಾಡಿದಳು. ಅವಳ ತಾಯಿ ಹಾಸಿಗೆ ಬಟ್ಟೆಗಳಿಗೆಲ್ಲ ಇಬ್ಬರ ಹೆಸರಿನ ಅಕ್ಷರ ಕಸೂತಿ ಹಾಕಿ ಪೆಟ್ಟಿಗೆ ತುಂಬಿಟ್ಟಿದ್ದಳು. ಒಂದು ಭಾನುವಾರ ಪೂಜೆಯ ಕೊನೆಯಲ್ಲಿ ಪಾದ್ರಿಗಳು ಎಂದಿನಂತೆ ಮದುವೆಯ ಪ್ರಕಟಣೆ ಓದಿದರು: ಈ ಊರಿನ ಎವಾಸಿಯೊ ಪತ್ರುಕ್ಕೊಗೂ ಪಕ್ಕದೂರಿನ ಕ್ಲೇಲಿಯಾಳಿಗೂ ಮದುವೆ ನಿಶ್ಚಯವಾಗಿದೆ, ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಬೇಕು. ಜೆಲಿಂದಾ ಎರಡನೇ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದಳು. ಅವಳಿಗೆ ಸುದ್ದಿ ಮುಟ್ಟಿದ್ದು ಹಾಗೆ. ಇಡೀ ಇಗರ್ಜಿ ಅವಳ ಬೆನ್ನನ್ನೇ ನೋಡಿತು. ಅವಳು ಅಲುಗಾಡಲಿಲ್ಲ. ಎವಾಸಿಯೊ ಅವತ್ತು ಊರಲ್ಲೇ ಇರಲಿಲ್ಲ. ಔಷಧಿ ಸಿಂಪಡಿಸುವ ಪಂಪು ತರುತ್ತೇನೆಂದು ಬೆಳಿಗ್ಗೆಯೇ ಕಸಾಲೆ ಪೇಟೆಗೆ ಹೋಗಿದ್ದ. ಭಾನುವಾರ ಪೇಟೆಯಲ್ಲಿ ಯಾವ ಪಂಪಿನ ಅಂಗಡಿ ತೆರೆದಿರುತ್ತದೆ?

ಕ್ಲೇಲಿಯಾ ತವರಿನಿಂದ ತಂದದ್ದು ದಕ್ಷಿಣಕ್ಕೆ ಮುಖ ಮಾಡಿದ, ದಿನವಿಡೀ ಬಿಸಿಲು ಬೀಳುವ ಒಂದು ಇಡೀ ಗುಡ್ಡ. ನಾವು ಯಾರೂ ಅವನನ್ನು ಬೈಯಲಿಲ್ಲ. ಆ ಗುಡ್ಡ ಸಿಕ್ಕಿದ್ದರೆ ನಮ್ಮಲ್ಲಿ ಹೆಚ್ಚಿನವರು ಅದನ್ನೇ ಮಾಡುತ್ತಿದ್ದರು.

ಜೆಲಿಂದಾ ಮರುವರ್ಷ ರೆಮೀಜಿಯೊನನ್ನು ಮದುವೆಯಾದಳು. ಚೌಕದಲ್ಲಿ ಇಗರ್ಜಿಯ ಹಿಂದೆ ಇರುವ ಹಳೆಯ ಖಾನಾವಳಿ ಅವನ ಅಪ್ಪನದು. ರೆಮೀಜಿಯೊ ಒಳ್ಳೆಯವನು, ಎದೆಯ ರೋಗದವನು. ಬಹಳ ಕಾಲ ಬಾಳಲಿಲ್ಲ. ಅವನ ಹಿಂದೆಯೇ ಮಾವನೂ ಹೋದ. ಖಾನಾವಳಿ, ಅದರ ಕಲ್ಲು ಕೊರೆದ ನೆಲಮಾಳಿಗೆ, ಮಾಂಸ ಬೇಯಿಸುವ ತಾಮ್ರದ ಹಂಡೆಗಳು, ಮತ್ತು ವೈನ್ ಪಟ್ಟಿ ಎಲ್ಲವೂ ಅವಳ ಕೈಗೆ ಬಂದವು.

ವೈನ್ ಪಟ್ಟಿಯ ವಿಷಯ ಹೇಳಬೇಕು. ಅವಳ ಮಾವನ ಕಾಲದಿಂದಲೂ ಈಸ್ಟರ್ ಕಳೆದ ಮೇಲೆ, ಖಾನಾವಳಿಗೆ ರಜೆಯಿರುವ ಒಂದು ಸೋಮವಾರ, ಊರಿನ ಬೆಳೆಗಾರರನ್ನೆಲ್ಲ ಊಟಕ್ಕೆ ಕರೆಯುವ ವಾಡಿಕೆ. ನಾವು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಒಂದೊಂದು ಬಾಟಲಿ ಇಟ್ಟುಕೊಂಡು ಹೋಗುತ್ತಿದ್ದೆವು. ಪಟ್ಟಿಯಲ್ಲಿ ಯಾವುದು ಉಳಿಯಬೇಕು, ಯಾವುದು ಹೊರಗೆ ಎನ್ನುವುದು ಆ ಊಟದಲ್ಲಿ ತೀರ್ಮಾನವಾಗುತ್ತಿತ್ತು. ಮಾವ ಮೆತ್ತಗಿನ ಮನುಷ್ಯ. ಯಾರನ್ನೂ ಹೊರಗೆ ಹಾಕುತ್ತಿರಲಿಲ್ಲ. ಜೆಲಿಂದಾ ಬಂದ ಮೇಲೆ ಹಾಗಿರಲಿಲ್ಲ. ಅವಳು ಒಂದೇ ಗುಟುಕು ಬಾಯಿಗೆ ತೆಗೆದುಕೊಂಡು, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಪಕ್ಕದ ಪಾತ್ರೆಗೆ ಉಗಿಯುತ್ತಿದ್ದಳು. ಆಮೇಲೆ ಒಂದು ಸಾಲು ಹೇಳುತ್ತಿದ್ದಳು. ಪಟ್ಟಿಯಲ್ಲಿ ವೈನಿನ ಹೆಸರು, ಅದರ ಕೆಳಗೆ ಅವಳ ಆ ಸಾಲು, ಅವಳದೇ ದುಂಡು ಅಕ್ಷರದಲ್ಲಿ. ನನ್ನ ಬಾರ್ಬೆರಾ ದ್ರಾಕ್ಷಿಯ ವೈನಿಗೆ ಬರೆದದ್ದು, "ಮೂರನೇ ಲೋಟದ ಮೇಲೆ ಸಹಿಸಬಹುದು." ನಾನು ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ. ಮುದುಕ ಗೌದೆಂಜಿಯೊ ನಮ್ಮೆಲ್ಲರಿಗಿಂತ ಒಳ್ಳೆಯ ಬೆಳೆಗಾರ. ಅವನ ವೈನಿಗೂ ಅವಳು "ಕುಡಿಯಿರಿ" ಎನ್ನುವುದಕ್ಕಿಂತ ಹೆಚ್ಚು ಬರೆದವಳಲ್ಲ.

ಖಾನಾವಳಿ ಕೈಗೆ ಬಂದ ಮೊದಲ ವರ್ಷವೇ ಎವಾಸಿಯೊನ ಗ್ರಿನ್ಯೊಲೀನೊಗೆ ಅವಳು ಹೀಗೆ ಬರೆದಳು: "ಮಾಡಿದವನ ಹಾಗೆಯೇ. ಬಣ್ಣ ತೆಳು, ಮಾತು ಕಹಿ, ಗಂಟಲಿಗೆ ಇಳಿಯುವ ಮೊದಲೇ ಓಡಿಹೋಗುತ್ತದೆ."

ಊಟಕ್ಕೆ ಕೂತಿದ್ದ ನಾವು ಮೊದಲು ತಟ್ಟೆ ನೋಡಿದೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು, ಆಮೇಲೆ ನಕ್ಕೆವು. ಎವಾಸಿಯೊನೂ ನಕ್ಕ. ಬಾಟಲಿ ಎತ್ತಿಕೊಂಡು ಎದ್ದು ಹೋಗಬಹುದಿತ್ತು. ಹೋದರೆ ಆ ಸಾಲು ತನ್ನ ಬಗ್ಗೆಯೇ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಆದ್ದರಿಂದ ಕೂತ, ಬಡಿಸಿದ್ದನ್ನೆಲ್ಲ ತಿಂದ, ಇನ್ನೊಂದು ಸಲ ಹಾಕಿಸಿಕೊಂಡೂ ತಿಂದ.

ಒಂದೆರಡು ವರ್ಷ ಅದು ಊರೊಳಗಿನ ತಮಾಷೆಯಾಗಿಯೇ ಇತ್ತು. ಆಮೇಲೆ ತೊರೀನೊದ ಒಬ್ಬ ಹಲ್ಲಿನ ಡಾಕ್ಟರು ಸಂಸಾರ ಸಮೇತ ಊಟಕ್ಕೆ ಬಂದವನು ಆ ಸಾಲನ್ನು ಗಟ್ಟಿಯಾಗಿ ಓದಿ, ಆ ವೈನೇ ಬೇಕೆಂದು ತರಿಸಿದ. ಕುಡಿದು ಎಷ್ಟು ನಕ್ಕನೆಂದರೆ ಮರುವಾರ ಹತ್ತು ಜನ ಗೆಳೆಯರನ್ನು ಕರೆತಂದ. ಅವರಿಂದ ಸುದ್ದಿ ಹಬ್ಬಿತು. ಊರೂರಿನ ಹಳೆಯ ಖಾನಾವಳಿಗಳಿಗೆ ಹೋಗಿ ಅವುಗಳ ವೈನ್ ಪಟ್ಟಿಗಳನ್ನು ತೂಗಿ ನೋಡಿ ಅಂಕ ಕೊಡುವ ಪತ್ರಿಕೆಯವನೊಬ್ಬ ಬಂದ. ಮಧ್ಯಾಹ್ನ ಪೂರ್ತಿ ಕೂತು ಪಟ್ಟಿಯಲ್ಲಿದ್ದದ್ದನ್ನೆಲ್ಲ ರುಚಿ ನೋಡಿದ. ಕೊನೆಗೆ ಜೆಲಿಂದಾಳನ್ನು ಕರೆದು, ಇಷ್ಟು ಕೆಟ್ಟದ್ದನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದ.

"ಇರೋದನ್ನ ಇಡ್ತೀನಿ ಸ್ವಾಮಿ," ಎಂದಳು. "ಒಳ್ಳೇದನ್ನ ಮಾತ್ರ ಬರೆದ್ರೆ ಅದು ನಮ್ಮೂರಿನ ಪಟ್ಟಿ ಹೇಗಾಗುತ್ತೆ?"

ಅವನಿಗೆ ಆ ಮಾತು ಬಹಳ ಹಿಡಿಸಿತು. ಇಷ್ಟು ಪ್ರಾಮಾಣಿಕವಾದ ಪಟ್ಟಿಯನ್ನು ಇಡೀ ಪಿಯೆಮೊಂತೆ ಸೀಮೆಯಲ್ಲಿ ಕಂಡಿಲ್ಲ ಎಂದು ಬರೆದ. ಎವಾಸಿಯೊನ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಅಲ್ಲಿಂದ ಮುಂದೆ ಭಾನುವಾರ ಚೌಕದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಂತಾಯಿತು.

ಮೊದಲು ಎವಾಸಿಯೊ ತನ್ನ ವೈನನ್ನು ಸಹಕಾರಿ ಸಂಘಕ್ಕೆ ಸುರಿದು, ಕೊಟ್ಟಷ್ಟು ತೆಗೆದುಕೊಂಡು ಬರುತ್ತಿದ್ದವನು. ಈಗ ಅವನು ಮಾಡಿದ್ದೆಲ್ಲ ಜೆಲಿಂದಾಳ ನೆಲಮಾಳಿಗೆಗೇ ಹೋಗುತ್ತಿತ್ತು. ಅವಳು ಒಳ್ಳೆಯ ಬೆಲೆಯನ್ನೇ ಕೊಡುತ್ತಿದ್ದಳು. ಅದರಲ್ಲಿ ಮೋಸ ಮಾಡಿದವಳಲ್ಲ. ಅವನ ಮನೆಯ ಸೂರು ಹೊಸದಾಯಿತು, ಮಗಳು ಮರಿಲೇನಾ ಕಸಾಲೆಯ ಶಾಲೆಗೆ ಹೋದಳು. ನಮಗೆ ಹೊಟ್ಟೆಕಿಚ್ಚಾಯಿತು. ಕಷ್ಟಪಟ್ಟು ನೆಟ್ಟಗೆ ವೈನ್ ಮಾಡುವ ನಮ್ಮ ಬಾಟಲಿಗಳು ಧೂಳು ಹಿಡಿದುಕೊಂಡು ಕೂತಿರುವಾಗ, ಬೀಜದ ಕಷಾಯ ಮಾಡುವವನ ಮನೆಗೆ ಹೊಸ ಹೆಂಚು. ಆದ್ದರಿಂದ ಅವನನ್ನು ಕಂಡಾಗ ನಾವು ಕಾಲು ಎಳೆಯುವುದನ್ನು ಬಿಡಲಿಲ್ಲ. "ಎಲ್ಲಿಗೋ, ಓಡ್ತಾ ಇದ್ದೀಯಾ?" ಎಂದು ಕೇಳುತ್ತಿದ್ದೆವು, ಅವನು ನಿಧಾನವಾಗಿ ನಡೆಯುತ್ತಿದ್ದರೂ.

ಗಿರಾಕಿಗಳು ಮಾಡಿದವನನ್ನೇ ನೋಡಬೇಕು ಎನ್ನತೊಡಗಿದರು. ಜೆಲಿಂದಾ ಹೇಳಿಕಳಿಸುತ್ತಿದ್ದಳು. ಅವನು ಟೋಪಿ ಹಾಕಿಕೊಂಡು ಬಂದು ಬಾಗಿಲ ಹತ್ತಿರದ ಮೂಲೆಯ ಮೇಜಿಗೆ ಕೂರುತ್ತಿದ್ದ. ಊಟ ಬಿಟ್ಟಿ. ಜನ ಬಂದು ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಮಿಲಾನೊದ ಒಂದು ಗುಂಪು, ಎಲ್ಲರೂ ಚೆನ್ನಾಗಿ ಕುಡಿದವರು, ಅವನನ್ನು ಎಬ್ಬಿಸಿ ನಿಲ್ಲಿಸಿದರು. "ಯಜಮಾನ್ರೇ, ಹೇಗೆ ಓಡಿದ್ರಿ ಅಂತ ಒಂದ್ಸಲ ತೋರಿಸಿ" ಎಂದರು. ಎವಾಸಿಯೊ ಕೌಂಟರಿನ ಕಡೆ ನೋಡಿದ. ಅಲ್ಲಿ ಜೆಲಿಂದಾ ಬ್ರೆಡ್ಡು ಕೊಯ್ಯುತ್ತಿದ್ದಳು. ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ, ಚಾಕು ಮಾತ್ರ ನಿಲ್ಲಿಸಿದಳು. ಅವನು ಮೇಜುಗಳ ನಡುವೆ, ಮೊಣಕಾಲು ಎತ್ತೆತ್ತಿ, ಬಾಗಿಲವರೆಗೆ ಓಡಿದ. ಚಪ್ಪಾಳೆ ಬಿತ್ತು. ಆಮೇಲೆ ಅದೇ ರೂಢಿಯಾಯಿತು. ಊಟದ ಕೊನೆಗೆ ಕಾಫಿ ಬರುವ ಹೊತ್ತಿಗೆ ಯಾರಾದರೂ ಕರೆಯುವವರು, ಇವನು ಎದ್ದು ಓಡುವವನು. ಓಡುವಾಗ ಟೋಪಿ ಕೈಯಲ್ಲಿ ಹಿಡಿದುಕೊಳ್ಳುವುದನ್ನೂ ಕಲಿತ. ಹಾಗೆ ಮಾಡಿದರೆ ನಗು ಜಾಸ್ತಿ ಬರುತ್ತಿತ್ತು.

ಕ್ಲೇಲಿಯಾ ಖಾನಾವಳಿಯ ಹೊಸ್ತಿಲು ತುಳಿದವಳಲ್ಲ. ಭಾನುವಾರ ಚೌಕ ದಾಟಬೇಕಾದರೆ ಇಗರ್ಜಿಯ ಆಚೆ ಬದಿಯಿಂದ ಸುತ್ತು ಹಾಕಿ ಹೋಗುತ್ತಿದ್ದಳು.

ಮರಿಲೇನಾಳ ಮದುವೆ ಕಸಾಲೆಯಲ್ಲಿ, ಪೋ ನದಿಯ ದಂಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಆಯಿತು. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಗಂಡಿನ ಸೋದರಮಾವ ಹಂದಿಮಾಂಸದ ಅಂಗಡಿ ಇಟ್ಟವನು, ಗಂಟಲು ದೊಡ್ಡದು. ಊಟದ ನಡುವೆ ಎವಾಸಿಯೊನ ಮುಖವನ್ನೇ ಬಹಳ ಹೊತ್ತು ನೋಡಿ, ಮೇಜು ಗುದ್ದಿದ.

"ನೀವೇ ಅಲ್ವಾ ಅದು? ಸಾಲಬ್ರೂನದಲ್ಲಿ ಓಡೋರು? ನಾನು ನೋಡಿದ್ದೀನಿ! ಬೀಗ್ರೇ, ಒಂದೇ ಒಂದ್ಸಲ ಓಡಿಬಿಡಿ, ನಮ್ಮೋರೆಲ್ಲ ನೋಡ್ಲಿ."

ಗಂಡಿನ ಕಡೆಯವರೆಲ್ಲ ತಾಳ ಹಾಕತೊಡಗಿದರು. ಮರಿಲೇನಾ ಬಿಳಿ ಉಡುಪಿನಲ್ಲಿ ಕೂತಲ್ಲಿಂದ, "ಬೇಡ ಅಪ್ಪ," ಎಂದಳು. ಮೆತ್ತಗೆ ಹೇಳಿದಳು, ಆದರೆ ಅವನಿಗೆ ಕೇಳಿಸಿತು. ಅವಳ ಕಡೆ ತಿರುಗಿ ನೋಡಿದ ಕೂಡ. ಬೀಗರ ಎದುರು ಬಿಗುಮಾನ ತೋರಿಸಿದ ಹಾಗಾಗುತ್ತದೆಂದು ಅಂಜಿದನೋ, ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತೋ, ಎದ್ದ. ಮೇಜುಗಳ ಸುತ್ತ ಒಂದು ಸುತ್ತು ಓಡಿದ. ಟೋಪಿ ಇರಲಿಲ್ಲವಾದ್ದರಿಂದ ಕೈವಸ್ತ್ರ ಹಿಡಿದುಕೊಂಡಿದ್ದ. ಎಲ್ಲರೂ ನಕ್ಕರು. ನನ್ನ ಹೆಂಡತಿ ನನ್ನ ತೊಡೆ ಚಿವುಟಿದಳು, ನಾನೂ ನಗುತ್ತಿದ್ದೆ.

ಅವತ್ತು ಮನೆಗೆ ಬಂದ ಮೇಲೆ ಕ್ಲೇಲಿಯಾ ಕಿವಿಯೋಲೆ ಬಿಚ್ಚುತ್ತಾ ಅವನಿಗೆ ಅಂದಳಂತೆ, "ನೀನು ಓಡಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ. ಓಡೋವಾಗ ನಿನಗೆ ಖುಷಿಯಾಗ್ತಿತ್ತಲ್ಲ, ಅದನ್ನ ನೋಡ್ದೆ."

ಆ ವರ್ಷ ಎವಾಸಿಯೊ ಬೇರೆಯೇ ಮನುಷ್ಯನಾದ. ಬೇಸಿಗೆಯಲ್ಲಿ ಬಳ್ಳಿಯಿಂದ ಅರ್ಧಕ್ಕರ್ಧ ಗೊಂಚಲು ಕಿತ್ತು ನೆಲಕ್ಕೆ ಹಾಕಿದ, ಉಳಿದದ್ದು ಚೆನ್ನಾಗಿ ಮಾಗಲೆಂದು. ನಾವು ದಾರಿಯಲ್ಲಿ ನಿಂತು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದೆವು. ಹಣ್ಣು ಜಜ್ಜಿಹೋಗದಿರಲೆಂದು ನನ್ನ ಚಿಕ್ಕ ಪೆಟ್ಟಿಗೆಗಳನ್ನು ಕೇಳಿ ತೆಗೆದುಕೊಂಡ. ಅಪ್ಪನ ಕಾಲದ ಮರದ ಪೀಪಾಯಿಗಳನ್ನು ಅಂಗಳಕ್ಕೆ ಉರುಳಿಸಿ, ಗಂಡ ಹೆಂಡತಿ ಇಬ್ಬರೂ ಕುದಿನೀರು ಹಾಕಿ ಉಜ್ಜಿದರು. ಕ್ಲೇಲಿಯಾ ಪೀಪಾಯಿಯ ಒಳಗೆ ತಲೆ ತೂರಿಸಿ ಏನೋ ಹೇಳುವುದು, ಅವನು ನಗುವುದು, ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ಹಿಂಡುವಾಗ ಮರದ ತಿರುಪನ್ನು ಕಿರುಗುಟ್ಟುವವರೆಗೆ ಬಿಗಿಯುತ್ತಿದ್ದವನು, ಈಗ ಮೂರು ಸುತ್ತಿಗೇ ನಿಲ್ಲಿಸಿದ. ಬೀಜ ತಳಕ್ಕೆ ಕೂತಂತೆಲ್ಲ ತೆಗೆದುಹಾಕಿದ. ಚಳಿಗಾಲ ಪೂರ್ತಿ ನೆಲಮಾಳಿಗೆಗೆ ಬೀಗ ಹಾಕಿಕೊಂಡು ಓಡಾಡಿದ. ನನಗೂ ಒಂದು ಹನಿ ಕೊಡಲಿಲ್ಲ.

ಈಸ್ಟರ್ ಆದ ಮೇಲಿನ ಸೋಮವಾರದ ಊಟಕ್ಕೆ ಅವನು ಕ್ಷೌರ ಮಾಡಿಸಿಕೊಂಡು ಬಂದಿದ್ದ. ಜೆಲಿಂದಾ ಒಬ್ಬೊಬ್ಬರದಾಗಿ ರುಚಿ ನೋಡುತ್ತಾ, ಉಗಿಯುತ್ತಾ, ಸಾಲು ಹೇಳುತ್ತಾ ಬಂದಳು. ಒಬ್ಬನನ್ನು ಪಟ್ಟಿಯಿಂದ ತೆಗೆದಳು. ಅವನು ಮೂಗು ಸೀನಿಕೊಂಡು ಬ್ರೆಡ್ಡಿಗೆ ಕೈ ಹಾಕಿದ. ಎವಾಸಿಯೊನ ಬಾಟಲಿ ಬಂತು. ಲೋಟಕ್ಕೆ ಬಗ್ಗಿಸಿದಾಗಲೇ ವಾಸನೆ ನನ್ನವರೆಗೆ ಬಂತು. ಅವಳು ಬಾಯಿಗೆ ತೆಗೆದುಕೊಂಡಳು, ಹೊರಳಿಸಿದಳು. ಪಾತ್ರೆಯ ಕಡೆ ಬಗ್ಗಲಿಲ್ಲ. ನುಂಗಿದಳು. ಇನ್ನೊಂದು ಗುಟುಕು ಕುಡಿದಳು. ಅಷ್ಟು ವರ್ಷಗಳಲ್ಲಿ ಅವಳು ಯಾರ ವೈನನ್ನೂ ಎರಡನೇ ಸಲ ಬಾಯಿಗಿಟ್ಟದ್ದನ್ನು ನಾವು ಕಂಡಿರಲಿಲ್ಲ. ಲೋಟವನ್ನು ಗೌದೆಂಜಿಯೊ ಕಡೆ ತಳ್ಳಿದಳು. ಮುದುಕ ಕುಡಿದು, ಎವಾಸಿಯೊನನ್ನು ನೋಡಿ, "ಇದನ್ನ ನಿನ್ನ ಕೈಯಲ್ಲಿ ಮಾಡಿದ್ಯಾ?" ಎಂದು ಕೇಳಿದ.

"ನಾನೂ ಕ್ಲೇಲಿಯಾನೂ," ಎಂದ ಎವಾಸಿಯೊ.

ಆ ಹೆಸರನ್ನು ಅವನು ಆ ಮೇಜಿನಲ್ಲಿ ಹೇಳಬಾರದಿತ್ತು ಎಂದು ನನಗೆ ಆಗಲೂ ಅನ್ನಿಸಿತು.

"ಚೆನ್ನಾಗಿದೆ," ಎಂದಳು ಜೆಲಿಂದಾ. "ಈ ಊರಲ್ಲಿ ಇಂಥ ಗ್ರಿನ್ಯೊಲೀನೊ ನಾನು ಕುಡಿದಿಲ್ಲ. ಆದರೆ ಬೇಡ."

ಅವನಿಗೆ ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಿದ.

"ಒಳ್ಳೇ ವೈನ್ ಕುಡಿಯೋಕೆ ಇಷ್ಟು ದೂರ ಯಾರು ಬರ್ತಾರೋ? ಅಲ್ಬಾ ಪೇಟೇಲಿ ಸಿಗಲ್ವಾ, ಆಸ್ತಿ ಪೇಟೇಲಿ ಸಿಗಲ್ವಾ? ಅವ್ರು ಬರೋದು ನಿನ್ನನ್ನೇ ಕುಡಿಯೋಕೆ. ಹಳೇದು ಎಷ್ಟು ಉಳಿದಿದೆ ಮನೇಲಿ?"

"ಬೆಲೆ ಕಮ್ಮಿ ಮಾಡು ಬೇಕಾದ್ರೆ. ಸುಮ್ನೆ ಕೊಟ್ರೂ ಕೊಡ್ತೀನಿ. ಆ ಸಾಲು ಮಾತ್ರ ಬದಲಾಯಿಸಿ ಬರಿ ಜೆಲಿಂದಾ. ವೈನ್ ಬೇರೆ ಆಯ್ತಲ್ಲ."

"ಆ ಸಾಲು ವೈನಿಗಲ್ಲ ಕಣೋ ಬರೆದಿದ್ದು."

ಹಂಡೆಯಿಂದ ಬೇಯಿಸಿದ ಮಾಂಸ ಬಂತು, ಹಸಿರು ಚಟ್ನಿ ಬಂತು. ಎವಾಸಿಯೊ ಬಾಟಲಿಗೆ ಕೈ ಚಾಚಿದ. ಜೆಲಿಂದಾ ಅದನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನ ಲೋಟ ತುಂಬಿಸಿಕೊಂಡಳು. ಮಾಂಸದ ಜೊತೆ ಅದನ್ನೇ ಕುಡಿದಳು, ಯಾರಿಗೂ ಕೊಡದೆ, ಬಾಟಲಿ ಖಾಲಿಯಾಗುವವರೆಗೆ. ಅವಳ ಕೆನ್ನೆ ಕೆಂಪಾಯಿತು. ಊಟ ಮುಗಿಯುವ ಹೊತ್ತಿಗೆ, ಮೌನ ತಡೆಯಲಾರದೆ, ಪಟ್ಟಿಯಿಂದ ಹೊರಬಿದ್ದವನೇ "ಓಡೋ ಎವಾಸಿಯೊ, ಕಾಫಿ ಬಂತು" ಎಂದ. ಮೇಜು ಪೂರ್ತಿ ನಗೆಯಲ್ಲಿ ಬಿತ್ತು. ಎಲ್ಲರಿಗೂ ಉಸಿರು ಬಿಟ್ಟ ಹಾಗಾಯಿತು. ಎವಾಸಿಯೊ ಓಡಲಿಲ್ಲ. ಸಕ್ಕರೆ ಕಲಕಿ ಕಾಫಿ ಕುಡಿದು, ನಡೆದುಕೊಂಡೇ ಹೋದ.

ಆ ವೈನನ್ನು ಹೊರಗೆ ಮಾರಲು ಅವನು ತಿರುಗದ ಜಾಗವಿಲ್ಲ. ಕಸಾಲೆಯ ಹೋಟೆಲುಗಳವರು ಬಾಟಲಿಯ ಮೇಲಿನ ಪತ್ರುಕ್ಕೊ ಎನ್ನುವ ಹೆಸರು ನೋಡಿದ ಕೂಡಲೇ ಬಾಯಿ ಅಗಲ ಮಾಡುತ್ತಿದ್ದರು. ಕುಡಿಯುವ ಮೊದಲೇ ಮುಖ ಕಿವುಚಿ ಸಿದ್ಧವಾಗುತ್ತಿದ್ದರು. ಕುಡಿದ ಮೇಲೆ ನಿರಾಸೆಯಾಗುತ್ತಿತ್ತು. ಒಬ್ಬ ಅವನಿಗೆ ನೇರವಾಗಿ ಹೇಳಿದನಂತೆ: ಇದು ಪರವಾಗಿಲ್ಲ, ಆದರೆ ನಮ್ಮ ಗಿರಾಕಿಗಳು ಕೇಳುವುದು ಇನ್ನೊಂದನ್ನು, ಆ ಸಾಲು ಬರೆದ ಚೀಟಿ ಸಮೇತ ಕೊಡುವುದಾದರೆ ನೋಡೋಣ. ಕೊನೆಗೆ ಎವಾಸಿಯೊ ಪೀಪಾಯಿಗಳನ್ನು ಟ್ರ್ಯಾಕ್ಟರಿಗೆ ಹೇರಿ ಸಹಕಾರಿ ಸಂಘಕ್ಕೆ ಒಯ್ದ. ಅಲ್ಲಿ ಎಲ್ಲರ ವೈನಿನ ಜೊತೆ ಒಂದೇ ತೊಟ್ಟಿಗೆ ಸುರಿದರು. ಟ್ರ್ಯಾಕ್ಟರಿನ ಮೇಲೆ ಕ್ಲೇಲಿಯಾಳೂ ಹೋಗಿದ್ದಳು. ಕೊಳವೆಯಲ್ಲಿ ಅದು ಇಳಿದುಹೋಗುವುದನ್ನು ಕೊನೆಯವರೆಗೂ ನಿಂತು ನೋಡಿದಳಂತೆ.

ಮುಂದಿನ ಸುಗ್ಗಿಯಲ್ಲಿ ತಿರುಪು ಮತ್ತೆ ಕಿರುಗುಟ್ಟಿತು. ಮೊದಲು ಸೋಮಾರಿತನದಿಂದ ಕೆಡಿಸುತ್ತಿದ್ದದ್ದನ್ನು ಈಗ ಅವನು ತಿಳಿದು ಕೆಡಿಸಿದ. ಒಮ್ಮೆ ಒಳ್ಳೆಯದು ಮಾಡಲು ಕಲಿತವನಿಗೆ ಕೆಟ್ಟದು ಎಲ್ಲಿ ಹುಟ್ಟುತ್ತದೆಂದು ಚೆನ್ನಾಗಿ ಗೊತ್ತಿರುತ್ತದೆ. ಆ ವರ್ಷದ್ದು ನಾಲಿಗೆ ಮರಗಟ್ಟಿಸುವಂತಿತ್ತು. ಜೆಲಿಂದಾ ಬಾಯಿಗಿಟ್ಟು, ಉಗಿದು, "ಈಗ ಸರಿಹೋಯ್ತು" ಎಂದಳು.

ಅವನು ಭಾನುವಾರಗಳಲ್ಲಿ ಮತ್ತೆ ಮೂಲೆಯ ಮೇಜಿಗೆ ಬಂದ. ಓಡಿದ. ಮಗಳು ಮೊದಲ ಮಗು ಹೆತ್ತಾಗ ತಾಯಿಯನ್ನು ಮಾತ್ರ ಕರೆದಳು.

ವಯಸ್ಸಾದಂತೆ ಅವನ ಸೊಂಟ ಹಿಡಿದುಕೊಂಡಿತು. ಕೋಲು ಊರಿ ನಡೆಯುವಂತಾದ. ಕೋಲಿನವನು ಓಡುವುದು ಇನ್ನೂ ತಮಾಷೆಯಾಗಿ ಕಾಣುತ್ತಿತ್ತೆಂದು ಕಾಣುತ್ತದೆ, ಗಿರಾಕಿಗಳು ಬಿಡಲಿಲ್ಲ. ಒಂದು ನವೆಂಬರಿನಲ್ಲಿ ಯಾರದೋ ಹುಟ್ಟುಹಬ್ಬದ ಊಟ. ದೊಡ್ಡ ಗುಂಪು ತಾಳ ಹಾಕಿತು. ಅವನು ಕೋಲನ್ನು ಕುರ್ಚಿಗೆ ಒರಗಿಸಿ, ಟೋಪಿ ಕೈಗೆ ತೆಗೆದುಕೊಂಡು ಹೊರಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ಮಡಿಚಿ, ಮೇಜಿನ ಬಟ್ಟೆ ಹಿಡಿದು ಎಳೆದುಕೊಂಡು, ತಟ್ಟೆ ಲೋಟಗಳ ಸಮೇತ ಕೆಳಗೆ ಬಿದ್ದ. ಅದೂ ಆಟದ ಭಾಗವೆಂದು ತಿಳಿದು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ನೆಲದ ಮೇಲಿಂದ ಟೋಪಿ ಎತ್ತಿ ಬೀಸಿದ. ಎಬ್ಬಿಸಲು ಹೋದಾಗಲೇ ತೊಡೆಯ ಮೂಳೆ ಮುರಿದಿರುವುದು ಗೊತ್ತಾದದ್ದು.

ಆಸ್ಪತ್ರೆಯಿಂದ ಮನೆಗೆ ಬಂದ, ಮತ್ತೆ ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜನವರಿಯಲ್ಲಿ ಸತ್ತ. ಮಲಗಿದ್ದಾಗ ನಾನು ಆಗಾಗ ಹೋಗಿ ಕೂರುತ್ತಿದ್ದೆ. ಒಂದು ಸಲ ಅವನಾಗಿಯೇ ಜೆಲಿಂದಾಳ ಮಾತು ತೆಗೆದು, "ಅವಳಿಗೆ ಅವತ್ತೇ ನಾನೇ ಹೋಗಿ ಹೇಳ್ಬೇಕಿತ್ತು," ಎಂದ. ಹೊದಿಕೆ ಎಳೆದುಕೊಂಡು, "ಹೇಳಿದ್ರೂ ಇಷ್ಟೇ ಮಾಡ್ತಿದ್ಲು," ಎಂದ.

ಮಣ್ಣಿಗೆ ಜೆಲಿಂದಾ ಬಂದಿದ್ದಳು. ಖಾನಾವಳಿ ಮುಚ್ಚಿ, ಕರಿ ಕೋಟು ಹಾಕಿಕೊಂಡು ಬಂದು, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಅತ್ತಳೋ ಇಲ್ಲವೋ ಹೇಳಲಾರೆ. ಚಳಿಗೆ ಅವತ್ತು ಎಲ್ಲರ ಕಣ್ಣಲ್ಲೂ ನೀರಿತ್ತು.

ಅವನು ಮಾಡಿಟ್ಟಿದ್ದ ಬಾಟಲಿಗಳು ಬೇಸಿಗೆಯ ಹೊತ್ತಿಗೆ ಮುಗಿದವು. ಪಟ್ಟಿಯಿಂದ ಆ ವೈನು ಹೋಗಲಿಲ್ಲ. ಬಯಲಿನ ಕಡೆಯ ಒಬ್ಬ ಸಗಟು ವ್ಯಾಪಾರಿಯಿಂದ ಹುಳಿಬಂದ ಸರಕನ್ನು ತರಿಸಿ, ಹಳೆಯ ಬಾಟಲಿಗಳಲ್ಲೇ ತುಂಬಿಸಿ, ಪತ್ರುಕ್ಕೊನ ಚೀಟಿ ಅಂಟಿಸಿ ಅವಳು ಮಾರುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು. ಯಾರು ಕೇಳುವವರು? ಭಾನುವಾರ ಬರುವ ಜನರಿಂದ ಊರಿನ ಬೇಕರಿ, ಪೆಟ್ರೋಲ್ ಬಂಕು, ನಮ್ಮ ಬಾಟಲಿಗಳು ಕೂಡ ನಾಲ್ಕು ಕಾಸು ಕಂಡಿದ್ದವು.

ಕ್ಲೇಲಿಯಾ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಒಳಗೆ ಒಂದು ಕುರ್ಚಿಯೂ ಖಾಲಿಯಿಲ್ಲದ ಹೊತ್ತಿನಲ್ಲಿ. ನಾನು ಕೌಂಟರಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಕರಿ ಉಡುಪು, ಕೈಯಲ್ಲಿ ಪರ್ಸು. ಅವಳು ಹೊಸ್ತಿಲು ದಾಟಿದ್ದನ್ನು ನೋಡಿ ಜೆಲಿಂದಾ ಒಂದು ಗಳಿಗೆ ತಡೆದಳು, ಮತ್ತೆ ಬ್ರೆಡ್ಡು ಕೊಯ್ಯತೊಡಗಿದಳು.

"ಅವನ ಹೆಸರು ತೆಗೆದುಬಿಡು," ಎಂದಳು ಕ್ಲೇಲಿಯಾ.

"ಯಾಕೆ?"

"ಸತ್ತಿದ್ದಾನೆ."

"ಸತ್ತೋರ ಹೆಸರು ಊರ ತುಂಬ ಇದೆ. ಚೌಕಕ್ಕಿಲ್ವಾ, ಶಾಲೆಗಿಲ್ವಾ?"

"ಬಾಟ್ಲೀಲಿರೋದು ಅವನು ಮಾಡಿದ್ದಲ್ಲ."

"ನಿನಗೇನು ಗೊತ್ತು? ನೀನು ಇಲ್ಲಿ ಒಂದ್ಸಲಾನೂ ಕುಡಿದಿಲ್ವಲ್ಲ."

ಕ್ಲೇಲಿಯಾ ಪರ್ಸನ್ನು ಕೌಂಟರಿನ ಮೇಲೆ ಇಟ್ಟು, ಹಾಕು ಎಂದಳು. ಜೆಲಿಂದಾ ತಾನೇ ಬಾಟಲಿ ತೆಗೆದು ಲೋಟಕ್ಕೆ ಹಾಕಿದಳು. ಕ್ಲೇಲಿಯಾ ಅದನ್ನು ಔಷಧಿ ಕುಡಿಯುವವಳಂತೆ ನಿಂತೇ ಪೂರ್ತಿ ಕುಡಿದಳು. ಆಮೇಲೆ ಊಟ ಮಾಡುತ್ತಿದ್ದವರ ಕಡೆ ತಿರುಗಿದಳು. ಯಾವತ್ತೂ ಏರುದನಿಯಲ್ಲಿ ಮಾತಾಡಿದವಳಲ್ಲ, ದನಿ ಒಡೆಯಿತು.

"ಇದು ನನ್ನ ಗಂಡ ಮಾಡಿದ್ದಲ್ಲ. ಅವನದ್ದು ಇಷ್ಟು ಕೆಟ್ಟದಾಗಿರ್ಲಿಲ್ಲ. ಒಂದು ವರ್ಷ ಅವನು ಬಹಳ ಒಳ್ಳೇ ವೈನ್ ಮಾಡಿದ್ದ. ಇವಳನ್ನೇ ಕೇಳಿ, ಇವಳು ಕುಡಿದಿದ್ದಾಳೆ."

ಕಿಟಕಿಯ ಪಕ್ಕದವನೊಬ್ಬ ಪಟ್ಟಿ ಎತ್ತಿ ಹಿಡಿದು, ಇವರು ಯಾವ ಪುಟದಲ್ಲಿದ್ದಾರೆ ಎಂದು ಕೇಳಿದ. ಇಡೀ ಖಾನಾವಳಿ ನಕ್ಕಿತು. ಒಬ್ಬಳು ಕ್ಯಾಮೆರಾ ತೆಗೆದು, ಅಮ್ಮ ಇಲ್ಲಿ ನೋಡಿ ಎಂದಳು. ಹಿಂದಿನ ಮೇಜಿನವರು ಇನ್ನೊಂದ್ಸಲ, ಇನ್ನೊಂದ್ಸಲ ಎಂದು ತಾಳ ಹಾಕಿದರು.

ಕ್ಲೇಲಿಯಾ ಜೆಲಿಂದಾಳನ್ನು ನೋಡಿದಳು. ಹೇಳು ಎನ್ನುವ ಹಾಗೆ ನೋಡಿದಳು. ಜೆಲಿಂದಾ ಒಂದು ಮಾತು ಹೇಳಿದ್ದರೆ ನಗು ನಿಲ್ಲುತ್ತಿತ್ತು. ಆ ಮನೆಯಲ್ಲಿ ಅವಳ ಮಾತಿಗೆ ಅಷ್ಟು ಶಕ್ತಿಯಿತ್ತು. ಅವಳು ಖಾಲಿ ಲೋಟ ತೆಗೆದು ತೊಳೆಯಲು ಇಟ್ಟಳು, ಬುಟ್ಟಿಗೆ ಬ್ರೆಡ್ಡು ತುಂಬಿದಳು, ಕಿಟಕಿಯ ಪಕ್ಕದ ಮೇಜಿಗೆ ಒಯ್ದು ಕೊಟ್ಟಳು. ಕ್ಲೇಲಿಯಾಳ ಜೊತೆ ನಾನು ಹೊರಗೆ ಹೋಗಿ, ಮನೆಯವರೆಗೆ ಬಿಡುತ್ತೇನೆ ಎಂದೆ. ಅವಳು ಬೇಡವೆಂದಳು. ಅವತ್ತು ಇಗರ್ಜಿಯನ್ನು ಸುತ್ತಿ ಬರದೆ ಚೌಕದ ನಡುವೆಯೇ ನಡೆದುಹೋದಳು.

ಆ ಚಳಿಗಾಲ ಅವಳು ಗುಡ್ಡವನ್ನು ಮಾರಿ ಮಗಳ ಮನೆಗೆ ಹೋದಳು. ಕೊಂಡವರು ಬಳ್ಳಿಗಳನ್ನು ಬೇರು ಸಮೇತ ಕೀಳಿಸಿ, ಚಾಕಲೇಟು ಕಾರ್ಖಾನೆಗಳಿಗೆ ಬೇಕಾಗುವ ಹೇಜಲ್ ಕಾಯಿಯ ಗಿಡ ನೆಟ್ಟಿದ್ದಾರೆ. ಮರಿಲೇನಾ ವಕೀಲರ ಕೈಯಲ್ಲಿ ಒಂದು ನೋಟೀಸು ಕಳಿಸಿದ ಮೇಲೆ ಜೆಲಿಂದಾ ಬಾಟಲಿಯ ಮೇಲಿನ ಚೀಟಿಯನ್ನೂ ಪಟ್ಟಿಯಲ್ಲಿದ್ದ ಪತ್ರುಕ್ಕೊ ಎನ್ನುವ ಹೆಸರನ್ನೂ ತೆಗೆದಳು. ಅದರಿಂದ ವ್ಯಾಪಾರಕ್ಕೇನೂ ಕಮ್ಮಿಯಾಗಲಿಲ್ಲ. ಬಂದವರು ಕೂತ ಕೂಡಲೇ "ಒಂದು ಎವಾಸಿಯೊ ಕೊಡಿ" ಎನ್ನುತ್ತಾರೆ. ಅದೊಂದು ಮನುಷ್ಯನ ಹೆಸರೆಂದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಯಾವುದೋ ಹಣ್ಣಿನ ಹೆಸರಿರಬೇಕೆಂದು ತಿಳಿದಿದ್ದಾರೆ.